ಕಂಪೆನಿಯ ದನಿಯಲ್ಲಿ ನಾನು ಮಾಡಿದ ಫೋನು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಳೆದ ತಿಂಗಳು ಒಂದು ಕಾರ್ ಕಂಪೆನಿಯ ಭವಿಷ್ಯವನ್ನು ನಾನೇ ನಿರ್ಧರಿಸಿದೆ. ನನ್ನ ಬಳಿ ಕಾರಿಲ್ಲ. ಇರುವುದು ಡೊಂಬಿವಲಿಯಿಂದ ವಾಶಿಗೆ ಹೋಗುವ ಲೋಕಲ್ ರೈಲಿನ ಸೆಕೆಂಡ್ ಕ್ಲಾಸ್ ಪಾಸು. ಆದರೂ ಆ ಕಂಪೆನಿ ಭಾರತ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಎಂದು ಘೋಷಿಸಿದವನು ನಾನು. (ಕಂಪೆನಿಗೆ ಈ ವಿಷಯ ಇನ್ನೂ ತಿಳಿದಿಲ್ಲ.)

ನನಗೆ ಬರುವ ಒಂದೇ ವಿದ್ಯೆ ಮಿಮಿಕ್ರಿ. ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ, ಪ್ಲಾಟ್‌ಫಾರ್ಮಿನ ಅನೌನ್ಸ್‌ಮೆಂಟ್ ಹೆಂಗಸು, ನನ್ನ ಬಾಸ್, ಯಾರನ್ನೂ ಬಿಟ್ಟವನಲ್ಲ. ಈ ವಿದ್ಯೆಯಿಂದ ಇಂದಿನವರೆಗೆ ಸಿಕ್ಕಿದ್ದು ಗಣೇಶೋತ್ಸವದಲ್ಲಿ ಒಂದು ಸ್ಟೀಲ್ ಡಬ್ಬಿ, ಆಫೀಸಿನಲ್ಲಿ ಒಂದು ಮೆಮೊ.

ಈ ಸಲ ಸಿಕ್ಕಿಬಿದ್ದವರು ವಾಸುಮಾವ, ನನ್ನ ಅಮ್ಮನ ತಮ್ಮ. ಉಡುಪಿ ಕಡೆಯವರು, ಡೊಂಬಿವಲಿಯಲ್ಲಿ ಕೇಟರಿಂಗ್. ಗೃಹಪ್ರವೇಶ, ಸೀಮಂತ, ಸತ್ಯನಾರಾಯಣ ಪೂಜೆ, ಹೀಗೆ ಚಿಕ್ಕ ಊಟಗಳ ಆರ್ಡರು. ಅಡುಗೆ ಅತ್ತೆಯದು, ಸಾಗಾಟ ಕಾರಿನದು. ಹಿಂದಿನ ಸೀಟು ಮಡಚಿದರೆ ಇಡ್ಲಿ ತಟ್ಟೆಗಳ ಅಟ್ಟಿ, ಸಾಂಬಾರಿನ ಪಾತ್ರೆ, ಬಾಳೆಲೆಯ ಕಟ್ಟು ಎಲ್ಲ ಹಿಡಿಸುತ್ತದೆ. ಆ ಕಾರಿನಲ್ಲಿ ಕುಳಿತು ಬಂದವರು ಮನೆಯಲ್ಲಿ ಎಲ್ಲಿ ಊಟ ಆಯಿತೆಂದು ಹೇಳಬೇಕಿಲ್ಲ, ಅಂಗಿಗೆ ಹತ್ತಿದ ಸಾಂಬಾರಿನ ವಾಸನೆಯೇ ಹೇಳುತ್ತದೆ.

ಕೊಳ್ಳುವಾಗ ಎಲ್ಲರೂ, ಎಲ್ಲರೂ ಕೊಳ್ಳುವ ಕಾರನ್ನೇ ಕೊಳ್ಳಿ ಎಂದರು. ಮಾವ ಕೇಳಲಿಲ್ಲ, ಈ ವಿದೇಶಿ ಕಂಪೆನಿಯದನ್ನೇ ಕೊಂಡರು. ಥಾಣೆಯ ಶೋರೂಮಿನಲ್ಲಿ ಕೇಕ್ ಕತ್ತರಿಸಿ, ಆಳೆತ್ತರದ ರಟ್ಟಿನ ಕೀಲಿಕೈ ಹಿಡಿಸಿ ಫೋಟೋ ತೆಗೆದರಂತೆ. 'ನಮ್ಮ ಫ್ಯಾಮಿಲಿಗೆ ಸ್ವಾಗತ' ಎಂದು ಮ್ಯಾನೇಜರ್ ಅತ್ತೆಗೆ ಕೈಮುಗಿದನಂತೆ. ಆ ಫೋಟೋ ಇವತ್ತಿಗೂ ಅವರ ಟಿವಿಯ ಪಕ್ಕದಲ್ಲಿದೆ.

ಈಗ ಆ ಫ್ಯಾಮಿಲಿಯ ಸ್ಥಿತಿ ಚೆನ್ನಾಗಿಲ್ಲ. ಮಾರಾಟ ಬಿದ್ದುಹೋಗಿದೆ, ಕಂಪೆನಿ ಗಂಟುಮೂಟೆ ಕಟ್ಟಬಹುದು ಎಂದು ಪೇಪರಿನಲ್ಲಿ ಬಂತು. ಥಾಣೆಯ ಶೋರೂಮು ಮುಚ್ಚಿ, ಅದೇ ಗಾಜಿನ ಹಿಂದೆ ಈಗ ಸೋಫಾ ಸೇಲ್ ನಡೆದಿದೆ. ಮಾವನ ಬಿಲ್ಡಿಂಗಿನವರು ಲಿಫ್ಟಿನಲ್ಲಿ ಸಿಕ್ಕಿದರೆ, "ಗಾಡಿ ಕೈಸಿ ಹೈ ಅಭೀ?" ಎಂದು ಗಾಡಿಯ ಕ್ಷೇಮ ಕೇಳುತ್ತಾರೆ. ಐಸಿಯುವಿನಲ್ಲಿ ಇರುವವರನ್ನು ವಿಚಾರಿಸುವ ದನಿ. (ಅದನ್ನೂ ಮಾಡಿ ತೋರಿಸಬಲ್ಲೆ.)

ಅತ್ತೆಗೆ ಲೆಕ್ಕ ಸ್ಪಷ್ಟ. ನಾಳೆ ಬಿಡಿಭಾಗ ಸಿಗದೆ ಗಾಡಿ ನಿಂತರೆ ಆರ್ಡರೂ ನಿಂತಂತೆ. "ಯಾರಾದರೂ ಕೇಳುವವರು ಇರುವಾಗಲೇ ಕೊಟ್ಟುಬಿಡಿ. ಒಂದು ಹಳೆ ಟೆಂಪೊ ತೆಗೊಳ್ಳುವಾ." ಕೇಳುವವನೂ ಬಂದ. ಬದಲಾಪುರದ ಒಬ್ಬ ಪೇಂಟ್ ಅಂಗಡಿಯವನು ನೋಡಿ, ಓಡಿಸಿ, ಒಪ್ಪಿ, ಭಾನುವಾರ ಬಂದು ಒಯ್ಯುತ್ತೇನೆ ಎಂದು ಹೋದ. ಮಾವ ಊಟ ಬಿಟ್ಟರು ಎನ್ನಲಾರೆ, ಕೇಟರಿಂಗಿನವರು ಬಿಡುವುದಿಲ್ಲ. ಮಾತು ಬಿಟ್ಟರು.

ಅವರನ್ನು ನಗಿಸೋಣ ಎಂದುಕೊಂಡೆ. ನನ್ನ ಎಲ್ಲ ದೊಡ್ಡ ತಪ್ಪುಗಳೂ ಶುರುವಾಗುವುದು ಈ ವಾಕ್ಯದಿಂದಲೇ. ಶನಿವಾರ ವಾಶಿಯ ಆಫೀಸಿನ ಲ್ಯಾಂಡ್‌ಲೈನಿನಿಂದ ಫೋನ್ ಹಚ್ಚಿ, ಹಿಂದೊಮ್ಮೆ ಮಾವನ ಜೊತೆ ಸರ್ವಿಸಿಂಗಿಗೆ ಹೋದಾಗ ಕೇಳಿದ್ದ ಆ ಮ್ಯಾನೇಜರನ ಜೇನು ಸುರಿಯುವ ಹಿಂದಿಯಲ್ಲಿ ಶುರುಮಾಡಿದೆ.

"ಸರ್, ಆಪ್ ಬಿಲ್ಕುಲ್ ಟೆನ್ಷನ್ ಮತ್ ಲೀಜಿಯೆ. ಹಮ್ ಕಹೀಂ ನಹೀಂ ಜಾ ರಹೇ. ಆಪ್ ತೋ ಹಮಾರೀ ಫ್ಯಾಮಿಲಿ ಹೈಂ."

ಕಂಪೆನಿ ಎಲ್ಲಿಗೂ ಹೋಗುತ್ತಿಲ್ಲ ಎಂದು ಹೀಗೆ ಭರವಸೆ ಕೊಟ್ಟು, ಆಮೇಲೆ ನಕ್ಕು 'ಮಾವ, ನಾನೇ' ಎನ್ನುವ ಪ್ಲಾನು. ಆದರೆ ಆ ಕಡೆಯಿಂದ ಮಾವ ಬಹಳ ಮೆತ್ತಗೆ, "ಥ್ಯಾಂಕ್ಯೂ ಸರ್. ಆಪ್‌ನೆ ಫೋನ್ ಕಿಯಾ, ಅಚ್ಛಾ ಲಗಾ," ಎಂದು ಫೋನ್ ಮಾಡಿದ್ದಕ್ಕೇ ಖುಷಿಪಟ್ಟರು. ಅಷ್ಟರಲ್ಲಿ ನನ್ನ ಬಾಸ್ ಕ್ಯಾಬಿನ್ನಿನಿಂದ ಹೊರಬಂದ. ಫೋನ್ ಇಟ್ಟುಬಿಟ್ಟೆ.

ಭಾನುವಾರ ಪೇಂಟ್ ಅಂಗಡಿಯವನು ಬಂದ, ಚಹಾ ಕುಡಿದ, ಬರಿಗೈಯಲ್ಲಿ ಹೋದ. ಕಂಪೆನಿಯಿಂದ ಫೋನ್ ಬಂದಿದೆ, ಗಾಡಿ ಕೊಡುವುದಿಲ್ಲ ಎಂದರಂತೆ ಮಾವ. ಲಿಫ್ಟಿನಲ್ಲಿ ಸಿಕ್ಕವರಿಗೂ ಅದನ್ನೇ ಹೇಳಿದರು. ಅತ್ತೆಯೇ ನನಗೆ ಫೋನ್ ಮಾಡಿ, "ಕಂಪೆನಿಯವರೇ ಹೇಳಿದ ಮೇಲೆ ನಾನೆಂತ ಹೇಳುವುದು?" ಎಂದರು. ಹೂಂ ಅತ್ತೆ ಎಂದು ನನ್ನದೇ ದನಿಯಲ್ಲಿ ಹೇಳಿ ಫೋನ್ ಇಟ್ಟೆ.

ಹೇಡಿತನದಿಂದ ಒಂದು ಕೆಲಸ ಮಾಡಿದೆ. ನನ್ನ ಸುಳ್ಳು ನಿಜವಾಗಿದ್ದರೆ ಬಚಾವಾದೆ ಎಂದು ಕಂಪೆನಿಯ ಅಸಲಿ ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿದೆ. ಸಂಗೀತ, ಇನ್ನಷ್ಟು ಸಂಗೀತ, ಕೊನೆಗೊಬ್ಬ ಹುಡುಗಿ. ನೀವು ಇರುತ್ತೀರೋ ಹೋಗುತ್ತೀರೋ ಎಂದು ಕೇಳಿದೆ. ಅವಳು ಟೆನ್ಷನ್ ಬೇಡ ಎಂದಳು. ನಾವು ಎಲ್ಲಿಗೂ ಹೋಗುತ್ತಿಲ್ಲ ಎಂದಳು. ನಾನು ಅವರ ಫ್ಯಾಮಿಲಿ ಎಂದೂ ಹೇಳಿದಳು. ಕಾರೇ ಇಲ್ಲದ ನನ್ನನ್ನೂ ಸೇರಿಸಿಕೊಂಡರು ನೋಡಿ. ಅವಳ ಎದುರಿಗೂ ಯಾರೋ ಬರೆದುಕೊಟ್ಟ ಕಾಗದ ಇತ್ತು ಎಂದು ಕಾಣುತ್ತದೆ. ಅಂದರೆ ಅವಳೂ ಮಿಮಿಕ್ರಿಯವಳೇ. ಹಾಗಾದರೆ ಅಸಲಿ ದನಿ ಯಾರದು? ಹೋಗಬೇಕೆಂದು ಎಲ್ಲೋ ದೂರದ ಮೀಟಿಂಗಿನಲ್ಲಿ ನಿರ್ಧರಿಸುವವನದು. ಅವನು ಯಾರಿಗೂ ಫೋನ್ ಮಾಡುವುದಿಲ್ಲ.

ಕಂಪೆನಿಗಳು ಮುಚ್ಚುವುದು ನಮಗೆ ಹೊಸದೇ? ಥಾಣೆಯಿಂದ ಕಲ್ಯಾಣದವರೆಗೆ ರೈಲಿನ ಕಿಟಕಿಯಿಂದ ನೋಡಿದರೆ ಫ್ಲ್ಯಾಟುಗಳ ಟವರ್ ಎದ್ದು ನಿಂತ ಕಡೆಯಲ್ಲೆಲ್ಲ ಹಿಂದೆ ಯಾವುದೋ ಫ್ಯಾಕ್ಟರಿಯ ಚಿಮಣಿ ಇತ್ತು ಎನ್ನುವವರು ಸಿಗುತ್ತಾರೆ. ವ್ಯಾಪಾರ ಅಂದ ಮೇಲೆ ಬರುತ್ತಾರೆ, ಹೋಗುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಬರುವಾಗ ಕೇಕ್ ಕತ್ತರಿಸಿ ನೆಂಟಸ್ತಿಕೆ ಮಾಡಿದವರು ಹೋಗುವಾಗ ಒಂದು ಮಾತು ಹೇಳಬೇಡವೇ? ನಮ್ಮ ಮನೆಗಳಲ್ಲಿ ಪಕ್ಕದ ಬಿಲ್ಡಿಂಗಿಗೆ ಬಾಡಿಗೆ ಮನೆ ಬದಲಿಸುವವರೂ ಬಾಗಿಲಲ್ಲಿ ನಿಂತು ಅರ್ಧ ಗಂಟೆ ಮಾತಾಡಿ ಹೋಗುತ್ತಾರೆ.

ಮೊನ್ನೆ ಧೈರ್ಯ ಮಾಡಿ ಹೋದೆ. ವಿಠ್ಠಲವಾಡಿಯ ಒಂದು ನಾಮಕರಣಕ್ಕೆ ಮಾವ ಕಾರಿಗೆ ಪಾತ್ರೆ ಏರಿಸುತ್ತಿದ್ದರು. ಅತ್ತೆ ಮೇಲೆ ಅಡುಗೆಮನೆಯಲ್ಲಿದ್ದರು. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಫೋನ್ ನನ್ನದು, ತಪ್ಪು ನನ್ನದು, ಬದಲಾಪುರಕ್ಕೆ ಹೋಗಿ ಪೇಂಟ್ ಅಂಗಡಿಯವನ ಕೈಕಾಲು ಹಿಡಿದು ಕರೆತರುತ್ತೇನೆ.

ಮಾವ ಸಾಂಬಾರಿನ ಪಾತ್ರೆಗೆ ಬಟ್ಟೆ ಬಿಗಿಯುತ್ತಲೇ ಇದ್ದರು. "ಅವನನ್ನು ಕರೆಯುವುದು ಬೇಡ. ಓಡುವಷ್ಟು ದಿನ ಓಡಲಿ. ನಿಂತ ದಿನ ಟೆಂಪೊ ನೋಡುವಾ. ನಿನ್ನ ಅತ್ತೆಗೆ ನಾನೇ ಹೇಳುತ್ತೇನೆ."

"ಅಲ್ಲ ಮಾವ, ನನ್ನ ದನಿಯನ್ನು ಹುಟ್ಟಿದಾಗಿನಿಂದ ಕೇಳಿದವರು ನೀವು. ನಿಮಗೆ ಗುರುತು ಸಿಗಲಿಲ್ಲವಾ?"

ಅವರು ಡಿಕ್ಕಿಯ ಬಾಗಿಲು ಹಾಕಿದರು.

"ಸಿಕ್ಕಿತು ಮಾರಾಯ. ಆದರೆ ಅಷ್ಟು ಹೇಳ್ಲಿಕ್ಕೆ ಬೇರೆ ಯಾರೂ ಫೋನ್ ಮಾಡಲಿಲ್ಲವಲ್ಲ."