ಹಲ್ಲು ಬಿದ್ದ ಶ್ರೀ

ಮಾವನವರ ಬಲಗೈ ಹೆಬ್ಬೆರಳಿನ ತುದಿ ಸಾಯುವವರೆಗೂ ಕಪ್ಪಗಿತ್ತು. ಸೀಗೆಪುಡಿ ಹಾಕಿ ತಿಕ್ಕಿದರೂ ಸೀಮೆಎಣ್ಣೆಯಲ್ಲಿ ಅದ್ದಿದರೂ ಹೋಗದ ಮಸಿ. ಅತ್ತೆ ಇದ್ದಿದ್ದರೆ ಬೈಯುತ್ತಿದ್ದರೇನೋ. ನಾನು ಸೊಸೆಯಾಗಿ ಬರುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಮಧುಗಿರಿಯ ಆ ಮನೆಯಲ್ಲಿ ಇದ್ದದ್ದು ಮಾವನವರು, ನಮ್ಮವರು, ನಾನು. ಮುಂದಿನ ಕೋಣೆಯಲ್ಲಿ ಮಾವನವರ ಅಚ್ಚುಕೂಟ.

ಅಕ್ಷರದ ಹುಚ್ಚ ಎಂದೇ ಊರಲ್ಲಿ ಅವರಿಗೆ ಹೆಸರು. ಕೊರಟಗೆರೆಗೆ ನೆಂಟರ ಮನೆ ಊಟಕ್ಕೆಂದು ಹೋದವರು ದಾರಿಯಲ್ಲಿ ಜವಳಿ ಅಂಗಡಿಯ ಬೋರ್ಡಿನ ಮುಂದೆ ನಿಂತರೆ, ಊಟದ ಹೊತ್ತು ಮೀರಿದರೂ ಕದಲುತ್ತಿರಲಿಲ್ಲ. "ಆ 'ಜ'ದ ಹೊಟ್ಟೆ ನೋಡಮ್ಮ, ಉಂಡು ಕೂತಂಗೈತೆ" ಎನ್ನುವರು. ಗಾಡಿಯ ಹಲಗೆ, ಬೆಂಕಿಪೊಟ್ಟಣ, ಶಾಸನದ ಕಲ್ಲು, ಯಾವುದನ್ನೂ ಬಿಟ್ಟವರಲ್ಲ. ಕಲ್ಲಿನ ಮೇಲೆ ಕಾಗದ ಹಾಸಿ ಇದ್ದಿಲು ಉಜ್ಜಿ ಅಕ್ಷರ ಎಬ್ಬಿಸಿ, ಕೈಯನ್ನು ನಾನು ಒಗೆದಿಟ್ಟ ಪಂಚೆಗೆ ಒರೆಸುವರು. ನಾನು ರೇಗಿದರೆ ನಗುವರು.

ಅವರ ಪ್ರಾಣವೆಲ್ಲ ಒಂದು ಶ್ರೀಯಲ್ಲಿತ್ತು. ದಪ್ಪನೆಯ ಸೀಸದ ಅಚ್ಚುಮೊಳೆ. ಅಕ್ಷರದ ಬಾಲದಲ್ಲಿ ಒಂದು ಚೂರು ಹಾರಿಹೋಗಿತ್ತು. ಹೊಸ ಶ್ರೀ ತರಿಸಿದ್ದರೂ ಅದರ ಪೊಟ್ಟಣ ಬಿಚ್ಚಿರಲಿಲ್ಲ. "ಹಲ್ಲು ಬಿದ್ದ ಮಗು ನಗೋದೇ ಚೆಂದ ಕಣಮ್ಮ" ಎಂದು ಊರಿನ ಮದುವೆ ಪತ್ರಿಕೆಗಳಿಗೆಲ್ಲ ಹಳೆಯದನ್ನೇ ಕೂರಿಸುವರು. ನನ್ನ ಮದುವೆಯದಕ್ಕೂ ಅದೇ. ತಲೆಯ ಮೇಲೆ ಶ್ರೀ ಇಲ್ಲದೆ ಅವರು ಒಂದು ಕಾಗದವನ್ನೂ ಅಚ್ಚು ಹಾಕಿದವರಲ್ಲ.

ಆ ಅಭ್ಯಾಸವೇ ಮುಳುವಾಯಿತು.

ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು. ಇನ್ನೂ ಮಹಾರಾಜರ ಆಳ್ವಿಕೆಯಲ್ಲೇ ಇದ್ದ ಮೈಸೂರಿಗೂ ಜನರದೇ ಆದ ಜವಾಬ್ದಾರಿ ಸರ್ಕಾರ ಬೇಕೆಂದು ನಮ್ಮ ಕಡೆ ಚಳವಳಿ ನಡೆದಿತ್ತು. ಅದರ ಕರಪತ್ರವನ್ನು ಮಾವನವರು ಬಾಗಿಲು ಮುಚ್ಚಿಕೊಂಡು ಅಚ್ಚು ಹಾಕಿದರು. ಅಚ್ಚುಕೂಟದ ಹೆಸರು ಹಾಕಲಿಲ್ಲ. ನಮ್ಮವರು ಕಟ್ಟನ್ನು ಹಾಸಿಗೆಯಲ್ಲಿ ಸುತ್ತಿಕೊಂಡು ಪಾವಗಡದ ಬಸ್ಸು ಹತ್ತಿದರು. ಎರಡು ದಿನದ ಮೇಲೆ, ಬೆಳಿಗ್ಗೆ, ಉಳಿದಿದ್ದ ಒಂದು ಹಾಳೆಯನ್ನು ಕೈಗೆತ್ತಿಕೊಂಡ ಮಾವನವರು ಅದರ ತಲೆಯ ಮೇಲೆ ಬೆರಳಿಟ್ಟು ಕೂಗಿಕೊಂಡರು.

"ಅಯ್ಯೋ, ಶ್ರೀ ಕೂರಿಸ್ಬುಟ್ಟೀನಲ್ಲಮ್ಮ!"

ಆ ಮುರುಕು ಶ್ರೀ ಯಾರದೆಂದು ಊರಿಗೇ ಗೊತ್ತು. ಕೊರಟಗೆರೆಯಲ್ಲಿ ಪೊಲೀಸರು ಕರಪತ್ರ ಹಿಡಿದುಕೊಂಡು ಅಲ್ಲಿನ ಅಚ್ಚುಕೂಟಗಳ ಅಚ್ಚುಮೊಳೆಗಳನ್ನು ತಾಳೆ ನೋಡುತ್ತಿದ್ದಾರಂತೆ ಎಂದು ಹಾಲಿನವಳು ಬೇರೆ ಹೇಳಿಹೋದಳು. ಗೂರಲು ಕೆಮ್ಮು ಹಿಡಿದ ಮುದುಕ; ಜೈಲಿನ ತಣ್ಣನೆಯ ನೆಲದಲ್ಲಿ ಎಷ್ಟು ದಿನ ಬದುಕಿಯಾರು?

"ಬಾವಿಗೆ ಹಾಕ್ಬುಡಿ ಮಾವ, ನಿಮ್ಮ ಕಾಲಿಗೆ ಬೀಳ್ತೀನಿ."

"ಬಾವಿ ಜಾಲಾಡ್ಸಿದ್ರೆ ಸಿಕ್ತದೆ ಕಣಮ್ಮ. ಸೌಟು ಕೊಡು."

ಒಗ್ಗರಣೆಯ ಕಬ್ಬಿಣದ ಸೌಟು ಕೊಟ್ಟೆ. ನನ್ನ ಒಲೆಯ ಮುಂದೆ ಕೂತು ಶ್ರೀಯನ್ನು ಅದರಲ್ಲಿಟ್ಟು ಕೆಂಡದ ಮೇಲೆ ಹಿಡಿದರು. ಅಂಚು ಮೆತ್ತಗಾಯಿತು, ಬಾಲ ಕರಗಿತು, ಆಮೇಲೆ ಎಲ್ಲವೂ ಬೆಳ್ಳಗೆ ನೀರಾಯಿತು. ಮಾವನವರು ಬಿಕ್ಕಿ ಬಿಕ್ಕಿ ಅತ್ತರು. ನಾನು ಅಳಲಿಲ್ಲ, ಅಳುವುದಕ್ಕೂ ಭಯ. ಉಳಿದಿದ್ದ ಆ ಹಾಳೆಯನ್ನೂ ಪೆಟ್ಟಿಗೆಯಲ್ಲಿದ್ದ ನನ್ನ ಮದುವೆ ಪತ್ರಿಕೆಯನ್ನೂ ತಂದು ಅದೇ ಒಲೆಗೆ ಹಾಕಿದೆ. ಆದರೆ ಊರಿನವರ ಮನೆಗಳಲ್ಲಿದ್ದ ಪತ್ರಿಕೆಗಳನ್ನು ಏನು ಮಾಡುವುದು?

ಮಧ್ಯಾಹ್ನ ಇನ್ಸ್‌ಪೆಕ್ಟರು ಬಂದರು. ಅವರ ಹಿಂದೆ ನಮ್ಮ ಠಾಣೆಯ ದಫೇದಾರರು, ಶಿರಾದ ಸಾಬರು. ಮಾವನವರ ಕೈಯಿಂದಲೇ ಪತ್ರಿಕೆ ಪಡೆದು ನಮ್ಮ ಮದುವೆಗೆ ಬಂದು ಉಂಡು ಹರಸಿ ಹೋದವರು ಅವರು. ನಾನು ಬಾಗಿಲ ಸಂದಿಯಲ್ಲಿ ಚೌಕಟ್ಟು ಹಿಡಿದು ನಿಂತೆ.

"ನಿನ್ನ ಶ್ರೀ ಒತ್ತಿ ತೋರಿಸು" ಎಂದರು ಇನ್ಸ್‌ಪೆಕ್ಟರು.

ಮಾವನವರು ಹೊಸ ಶ್ರೀಗೆ ಮಸಿ ಹಚ್ಚಿ ಒತ್ತಿದರು. ಕೈ ನಡುಗಿ ಅಕ್ಷರ ಕದಡಿತು. ಜೀವಮಾನದಲ್ಲಿ ಅವರ ಕೈಯಿಂದ ಹಾಗೆ ಆಗಿದ್ದನ್ನು ನಾನು ಕಂಡಿರಲಿಲ್ಲ. ಮತ್ತೆ ಒತ್ತಿದರು. ಇನ್ಸ್‌ಪೆಕ್ಟರು ಅದನ್ನು ಕರಪತ್ರದ ಪಕ್ಕ ಹಿಡಿದು ನೋಡಿ, ದಫೇದಾರರಿಗೆ ಕೊಟ್ಟರು.

"ನೀನು ಈ ಊರಲ್ಲೇ ಇರೋನು. ಇಲ್ಲಿ ಅಚ್ಚಾದದ್ದರಲ್ಲಿ ಇಂಥ ಮುರುಕು ಶ್ರೀ ನೋಡಿದ್ದೀಯೇನು?"

ದಫೇದಾರರು ಹಾಳೆ ನೋಡಿದರು. ಮಾವನವರ ಕೈ ನೋಡಿದರು. ಆ ಗಳಿಗೆಯಲ್ಲಿ ನಾನು ಹರಕೆ ಹೊರದ ದೇವರಿಲ್ಲ.

"ಇಲ್ಲ ಹುಜೂರ್. ನಂಗೆ ಎಲ್ಲಾ ಶ್ರೀನೂ ಒಂದೇ ಥರ ಕಾಣ್ತದೆ."

ಪೊಲೀಸರು ಹೊರಟುಹೋದರು. ನಮ್ಮವರು ಕ್ಷೇಮವಾಗಿ ಬಂದರು, ಕೆಲವೇ ದಿನಗಳಲ್ಲಿ ಜವಾಬ್ದಾರಿ ಸರ್ಕಾರವೂ ಬಂತು. ಬಂದರೇನು, ನನ್ನ ಭಯ ಹೋಗಲಿಲ್ಲ. ಬೂಟಿನ ಸದ್ದಾದರೆ ಮಾವನವರೂ ಬೆಚ್ಚುವರು. ಹೊಸ ಶ್ರೀಯಲ್ಲಿ ಅಚ್ಚು ಹಾಕಿದರು ನಿಜ, ಆದರೆ ಒತ್ತಿದ ಹಾಳೆಯನ್ನು ಮೊದಲಿನಂತೆ ಬೆಳಕಿಗೆ ಹಿಡಿದು ನೋಡಿದ್ದನ್ನು ನಾನು ಕಾಣೆ. ಮುಂದಿನ ಚಳಿಗಾಲದಲ್ಲಿ ಗೂರಲು ಹೆಚ್ಚಾಗಿ, ಮನೆಯಲ್ಲೇ, ತಮ್ಮ ಹಾಸಿಗೆಯಲ್ಲೇ ತೀರಿಕೊಂಡರು.

ಮಾತಾಡಿಸಲು ಬಂದ ದಫೇದಾರರು ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಜಗಲಿಯ ಮೇಲಿಟ್ಟರು. ಮೂಲೆಗೆ ಅರಿಶಿನ ಹಚ್ಚಿದ ನನ್ನ ಮದುವೆ ಪತ್ರಿಕೆ. ನೆತ್ತಿಯ ಮೇಲೆ ಹಲ್ಲು ಬಿದ್ದ ಶ್ರೀ.

"ಆವತ್ತೂ ಇದು ನನ್ನ ಜೇಬಲ್ಲೇ ಇತ್ತಮ್ಮ. ಸಾಹೇಬರಿಗೆ ತೋರ್ಸಾಣ ಅಂತ್ಲೇ ತಂದಿದ್ದೆ. ನಿಮ್ಮ ಮಾವ ಅಂಥಾ ಅಚ್ಚಿನ ಉಸ್ತಾದ್, ಅವರ ಕೈ ನಡುಗಿದ್ದು ನೋಡ್ಬುಟ್ಟೆ, ಆಗಲಿಲ್ಲ."

ಅವರು ಹೋದದ್ದೇ ತಡ, ಪತ್ರಿಕೆ ಹಿಡಿದು ಒಲೆಯ ಕಡೆ ಓಡಿದೆ. ಕೈ ಚಾಚಿದ ಮೇಲೆ ಹೊಳೆಯಿತು: ಇನ್ನು ಸುಡಬೇಕಾಗಿಲ್ಲ, ಪೊಲೀಸರು ಹಿಡಿದುಕೊಂಡು ಹೋಗಲು ಮಾವನವರೇ ಇಲ್ಲ. ಆ ಶ್ರೀಯನ್ನು ಎದೆಗೆ ಒತ್ತಿಕೊಂಡು ಒಲೆಯ ಮುಂದೆ ಕೂತು, ಅವತ್ತು ಅಳದಿದ್ದ ಅಳುವನ್ನೆಲ್ಲ ಅತ್ತೆ.