ಸಂಜೆಗೆ ಒಣಗಿಸದ ಕಪಾಟು

ಕಪಾಟಿನ ಬಣ್ಣ ಹಸಿರು ಎಂದು ಮೊದಲು ಬರೆದಿದ್ದೆ. ಮಗಳು ಓದಿ, ಅಲ್ಲ, ಬೂದು ಎಂದಳು. ಆ ಮಳೆಗಾಲದಲ್ಲಿ ಅವಳು ತೊಟ್ಟಿಲಲ್ಲಿದ್ದ ಮೂರು ತಿಂಗಳ ಕೂಸು. ಅವಳಿಗೆ ಹೇಗೆ ಗೊತ್ತೆಂದು ನಾನು ಕೇಳಲಿಲ್ಲ. ಬೂದು ಎಂದು ತಿದ್ದಿದ್ದೇನೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಖಾನಾಪುರದಲ್ಲಿ ಮಳೆ ಹಿಡಿದರೆ ವಾರಗಟ್ಟಲೆ ಬಿಡುತ್ತಿರಲಿಲ್ಲ. ಅತ್ತೆಯವರು ಶೇಗಡಿಯ ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಕೂಸಿನ ಬಟ್ಟೆ ಒಣಗಿಸುತ್ತಿದ್ದರು. ಹೊಗೆಗೆ ಕೂಸು ಕೆಮ್ಮತೊಡಗಿತು. ಬೆಳಗಾವಿಯ ಡಾಕ್ಟರು ಪರೀಕ್ಷಿಸಿ, ಹೊಗೆಯೂ ಕೂಡದು, ಹಸಿ ಬಟ್ಟೆಯೂ ಕೂಡದು, ಎದೆ ಇನ್ನಷ್ಟು ಕಟ್ಟಿದರೆ ಈ ಜೀವ ತಡೆಯುವುದಿಲ್ಲ ಎಂದರು.

ನಮ್ಮವರು ಬೆಳಗಾವಿಯಲ್ಲಿ ಒಂದು ಮಷೀನ್ ಶಾಪಿನ ಕೆಲಸಗಾರರು, ದಿನಾ ರೈಲಿನಲ್ಲಿ ಹೋಗಿ ಬರುವವರು. ಹಳೆಯ ತಗಡಿನ ಕಪಾಟೊಂದನ್ನು ತಂದು, ತಳದಲ್ಲಿ ಹೀಟರಿನ ಕಾಯಿಲು, ಅದರ ಹಿಂದೆ ಸಣ್ಣ ಫ್ಯಾನು ಕೂರಿಸಿ, ಒಳಗೆ ತಂತಿ ಕಟ್ಟಿದರು. ಹಸಿ ಗಾಳಿ ಹೊರಗೆ ಹೋಗಲೆಂದು ಮೇಲಿನಿಂದ ಒಂದು ಕೊಳವೆಯನ್ನು ಗೋಡೆ ದಾಟಿಸಿ ಹಿತ್ತಿಲಿಗೆ ಬಿಟ್ಟರು. ಹಗಲು ಕರೆಂಟು ಇರುತ್ತಿದ್ದುದೇ ಅಪರೂಪ. ಹೀಗಾಗಿ ದೀಪ ಹಚ್ಚುವ ಹೊತ್ತಿಗೇ ಕಪಾಟು ಹಚ್ಚಬೇಕಾಗುತ್ತಿತ್ತು.

ಮೊದಲ ಸಂಜೆ ಬಟ್ಟೆ ಹಪ್ಪಳದಂತೆ ಒಣಗಿದವು. ಎರಡನೆಯ ಸಂಜೆಯಿಂದ ಇಲ್ಲ. ತಾಸಿನ ಮೇಲೆ ಬಾಗಿಲು ತೆಗೆದರೆ ಬಟ್ಟೆ ಬಿಸಿಯಾಗಿರುತ್ತಿದ್ದವು, ಆದರೆ ಹಾಕಿದಾಗಿನಷ್ಟೇ ಹಸಿ. ತಗಡಿನ ಒಳಮೈ ಬೆವರಿರುತ್ತಿತ್ತು. ಫ್ಯಾನಿನ ದನಿಯೂ ಬದಲಾಗಿತ್ತು, ಮೂಗು ಕಟ್ಟಿದವರು ಬಾಯಿಂದ ಉಸಿರೆಳೆದ ಹಾಗೆ. ತೊಟ್ಟಿಲಿನಿಂದ ಬರುತ್ತಿದ್ದುದೂ ಅದೇ ಸದ್ದು. ಒಮ್ಮೆ ಎರಡೂ ಒಂದೇ ಲಯಕ್ಕೆ ಬಂದವು. ನಾನು ಎದ್ದು ಸ್ವಿಚ್ ಆರಿಸಿದೆ. ಕೂಸಿನ ಉಸಿರೂ ನಿಂತಿತು, ಒಂದು ಗಳಿಗೆ. ಹೀಗೆ ನಡೆಯಿತೋ, ಆಮೇಲೆ ನಾನೇ ಹೊಂದಿಸಿಕೊಂಡೆನೋ, ಹೇಳಲಾರೆ.

ರವಿವಾರ ಮಧ್ಯಾಹ್ನ ಹೇಗೋ ಕರೆಂಟು ಬಂತು. ನಮ್ಮವರು ಕಪಾಟು ಹಚ್ಚಿ ನೋಡಿದರು. ಬಟ್ಟೆ ಒಣಗಿದವು. ಸಂಜೆ ಮತ್ತೆ ಹಸಿ. ಸಂಜೆಗೆ ವೋಲ್ಟೇಜ್ ಇಳಿಯುತ್ತದೇನೋ ಎಂದು ಬಲ್ಬು ಹಚ್ಚಿ ನೋಡಿದರು. ಬಲ್ಬು ಚೆನ್ನಾಗಿಯೇ ಉರಿಯಿತು. ಕಾಯಿಲು ಬದಲಿಸಿದರು, ಫ್ಯಾನಿಗೆ ಎಣ್ಣೆ ಬಿಟ್ಟರು.

“ನಿನ್ನ ಕಪಾಟಕಿಂತ ನನ್ನ ಬುಟ್ಟಿ ಶಾಣ್ಯಾ ಐತಿ ನೋಡ ತಮ್ಮಾ,” ಎಂದರು ಅತ್ತೆ, ಮಗನಿಗೆ.

ನಮ್ಮವರು ನಗಲಿಲ್ಲ. ಬರುವ ರವಿವಾರ ಇದನ್ನು ಬಿಚ್ಚಿ ಎಸೆದು, ದೊಡ್ಡ ಕಾಯಿಲಿನ ಬೇರೊಂದನ್ನು ತರುವುದಾಗಿ ಹೇಳಿದರು. ಅಲ್ಲಿಯವರೆಗೆ ಇನ್ನೂ ಒಂದು ವಾರ. ಉಸಿರಿಗೊಮ್ಮೆ ಕೂಸಿನ ಪಕ್ಕೆಗಳು ಒಳಗೆ ಎಳೆದುಕೊಳ್ಳುತ್ತಿದ್ದವು.

ಮರುಸಂಜೆ ಕಪಾಟು ಹಚ್ಚಿ, ಕಟ್ಟಿಗೆ ತರಲು ಹಿತ್ತಿಲಿಗೆ ಹೋದೆ. ಕೊಳವೆಯ ಬಾಯಿಂದ ಹಬೆ ಬರುತ್ತಿರಲಿಲ್ಲ. ಕೈ ಹಾಕಿದೆ. ಒಳಗೇನೋ ಮೆತ್ತಗೆ, ಬೆಚ್ಚಗೆ, ಒದ್ದೆಯಾಗಿ ಇತ್ತು, ಹಿಡಿದರೆ ಮಿಡಿಯುತ್ತಿತ್ತು. ಎಳೆದೆ. ಬಟ್ಟೆಯ ಉಂಡೆ. ಅದರ ಹಿಂದೆಯೇ ಹಾಲಿನ ವಾಸನೆಯ ಹಬೆ ನನ್ನ ಮುಖಕ್ಕೆ ಬಡಿಯಿತು.

ಅತ್ತೆ ಹಿಂದೆ ನಿಂತಿದ್ದರು.

“ತುರುಕು ಅದನ್ನ,” ಎಂದರು. ಬೈಯುವ ದನಿಯಲ್ಲ. “ಮುಚ್ಚಂಜಿ ಹೊತ್ತಿನ್ಯಾಗ ಕೂಸಿನ ಅರಿವಿ ಹೊರಗ ಬಿಡಬಾರದಂತ ನಿನಗ ಗೊತ್ತಿಲ್ಲೇನವಾ? ಅರಿವಿ ಒಳಗಿಟ್ಟು ಅದರ ವಾಸನಿ ಹೊರಗ ಕಳಸಾಕತ್ತೀರಿ. ಆ ವಾಸನಿ ಹಿಡದ ಬರತಾವು.”

ಉಂಡೆ ಇನ್ನೂ ನನ್ನ ಕೈಯಲ್ಲೇ ಇತ್ತು.

“ಅದರಿಂದನ ಅರಿವಿ ಒಣಗವಲ್ಲವು, ಅತ್ತಿ.”

“ನಾ ಒಂದ ಕುಂಚಿಗಿ ಹೊರಗ ಮರತಿದ್ದೆ,” ಎಂದರು. “ಒಂದ.”

ಕುಂಚಿಗಿ ಎಂದರೆ ಕೂಸಿನ ತಲೆಗೂ ಬೆನ್ನಿಗೂ ಹೊದಿಸುವುದು. ನಮ್ಮವರಿಗಿಂತ ಮೊದಲು ಹುಟ್ಟಿ ತೀರಿಕೊಂಡಿದ್ದ ಕೂಸಿನ ಮಾತು ಆ ಮನೆಯಲ್ಲಿ ಎಂದೂ ಬಂದಿರಲಿಲ್ಲ. ಅವತ್ತು ಬಂದದ್ದೂ ಇಷ್ಟೇ.

ನಾನು ಉಂಡೆಯನ್ನು ತಿರುಗಿ ತುರುಕಲಿಲ್ಲ. ರೈಲಿನಿಂದ ಇಳಿದು ಬಂದ ನಮ್ಮವರಿಗೆ, ಕೊಳವೆಯಲ್ಲಿ ಇಲಿ ಗೂಡು ಕಟ್ಟಿತ್ತು, ಬಾಯಿಯನ್ನು ಅಡುಗೆಮನೆಗೇ ತಿರುಗಿಸಿಬಿಡಿ ಎಂದೆ. ತಿರುಗಿಸಿದರು. ಹಬೆ ಜಂತಿಯ ಕೆಳಗೆ ಸುತ್ತತೊಡಗಿತು. ಬಟ್ಟೆ ಒಣಗಿದವು, ಕೂಸಿನ ಎದೆ ಸಡಿಲಾಯಿತು, ಹೊಸ ಕಪಾಟಿನ ಮಾತು ನಿಂತಿತು. ಇಲ್ಲಿಗೆ ಮುಗಿಸಬಹುದಿತ್ತು. ಎಷ್ಟೋ ವರ್ಷ ಎಲ್ಲರಿಗೂ ಇಷ್ಟೇ ಹೇಳಿಕೊಂಡು ಬಂದೆ.

ಮರುವರ್ಷ ಮಳೆಗಾಲಕ್ಕೆ ಅತ್ತೆ ದೇಸೂರಿಗೆ, ಮಗಳ ಮನೆಗೆ ಹೋಗಿದ್ದರು. ಒಂದು ಸಂಜೆ ಕಪಾಟು ಹಚ್ಚಿ ಹಿತ್ತಿಲಿಗೆ ಹೋದವಳು ತಲೆಯೆತ್ತಿ ನೋಡಿದೆ. ಅಡುಗೆಮನೆಯ ಹಂಚಿನ ಸಂದಿಗಳಿಂದ ಹಬೆ ಎದ್ದು, ಮುಚ್ಚಂಜೆಯ ಆಕಾಶಕ್ಕೆ ಹೋಗುತ್ತಿತ್ತು. ಕೂಸಿನ ಬಟ್ಟೆಯ ವಾಸನೆ ಹೀಗೂ ಹೊರಗೆ ಹೋಗುತ್ತದೆಂದು ಇಷ್ಟು ದಿನ ನನಗೆ ಹೊಳೆದೇ ಇರಲಿಲ್ಲ. ಒಳಗೆ ಬಂದು ಬಾಗಿಲಿಗೆ ಚಿಲಕ ಹಾಕಿದೆ. ಮನೆಯಲ್ಲಿ ಇದ್ದವರು ನಾನು, ಆಗಷ್ಟೇ ನಿಲ್ಲಲು ಕಲಿತಿದ್ದ ಮಗಳು, ಇಬ್ಬರೇ.

ತಾಸಿನ ಮೇಲೆ ಕಪಾಟು ತೆಗೆದೆ. ಬಟ್ಟೆ ಬಿಸಿ, ಹಸಿ. ಸ್ಟೂಲು ಹತ್ತಿ ಕೊಳವೆಯ ಬಾಯಿಗೆ ಕೈ ಹಾಕಿದರೆ ಬಟ್ಟೆಯ ಉಂಡೆ ಸಿಕ್ಕಿತು. ಬಿಚ್ಚಿ ನೋಡಿದೆ: ನಾನು ಉಟ್ಟಿದ್ದ ಇಳಕಲ್ ಸೀರೆಯ ಸೆರಗಿನ ತುಂಡು. ಸೆರಗು ಹರಿದಿತ್ತು. ನಾನು ಹರಿದ ನೆನಪಿಲ್ಲ. ಮಗಳು ಕಪಾಟು ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದಳು.

ನಮ್ಮವರು ಬಂದ ಕೂಡಲೇ ಕಪಾಟು ಕೆಟ್ಟಿದೆ, ಬೇರೆ ಮಾಡಿಸಿರಿ ಎಂದೆ.

“ಏನಾಗೇತಿ?”

“ಸಂಜಿಗೆ ಒಣಗಸೂದಿಲ್ರಿ,” ಎಂದೆ.

ಅವರು ನನ್ನ ಸೆರಗು ನೋಡಿದರು. ರವಿವಾರ ಅದನ್ನು ಬಿಚ್ಚಿ ಕೊಂಡೊಯ್ದರು.