ಐಸ್ ಪೆಟ್ಟಿಗೆಯ ಸುಗ್ಗಿ

ಫ್ರಿಜ್ ಎಂದರೆ ಎಸ್ಟೇಟ್ ಬಂಗಲೆಯವರ ಸೊತ್ತು ಎಂದು ಯಸಳೂರು ಕಡೆಯ ನಮ್ಮ ಹಳ್ಳಿ ನಂಬಿದ್ದ ಕಾಲವದು. ರಾತ್ರಿಯ ಸಾರು ಉಳಿದರೆ ಬೆಳಗ್ಗೆ ಕುದಿಸಿ ಉಣ್ಣುತ್ತಿದ್ದೆವು, ಅದೂ ಉಳಿದರೆ ನಾಯಿಗೆ. ಅಂಥದ್ದರಲ್ಲಿ ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ, ಇನ್ನೇನು ಕಾಫಿ ಕುಯ್ಲು ಶುರುವಾಗಬೇಕು ಎನ್ನುವಾಗ, ನಮ್ಮ ಕಣದಲ್ಲಿ ಒಂದು ಜೀಪು ಬಂದು ನಿಂತಿತು. ನಾಲ್ಕು ಜನ ಸೇರಿ ಅದರಿಂದ ಉದ್ದನೆಯ ಬಿಳಿ ಪೆಟ್ಟಿಗೆಯೊಂದನ್ನು ಇಳಿಸಿದರು. ಸಕಲೇಶಪುರದಲ್ಲಿ ಮುಚ್ಚಿಹೋದ ಐಸ್‌ಕ್ರೀಂ ಅಂಗಡಿಯ ಹಳೆಯ ಫ್ರೀಜರ್ ಅದು. ಮೈಮೇಲೆ ಇನ್ನೂ ಕೋನ್ ಐಸ್‌ಕ್ರೀಮಿನ ಚಿತ್ರವಿತ್ತು. ನಾನೂ ನನ್ನ ತಮ್ಮ ಮಂಜನೂ ಕುಣಿದಾಡಿಬಿಟ್ಟೆವು.

ಜಗುಲಿಯ ಮೇಲೆ ಕೂತಿದ್ದ ಅಜ್ಜಿ ಎಲೆಯಡಿಕೆ ಉಗಿದು ಬಂದು ಕೇಳಿದಳು. "ಇದೇನೇ ಸರೋಜಾ, ಹೆಣ ಇಡೋ ಪೆಟ್ಟಿಗೆ ತಂದಿದ್ದೀಯಾ?"

"ಊಟ ಇಡೋ ಪೆಟ್ಟಿಗೆ ಅತ್ತೆ," ಎಂದಳು ಅಮ್ಮ.

ಆ ವರ್ಷವೇ ಅಮ್ಮನಿಗೆ ಯಸಳೂರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ಮದುವೆಗೆ ಮುಂಚೆಯೇ ಟ್ರೈನಿಂಗ್ ಮುಗಿಸಿದ್ದವಳು ಇಷ್ಟು ವರ್ಷ ಕಾದಿದ್ದಳು. ಅಪ್ಪ ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಅವನ ಪರವಾಗಿ ಮಾತಾಡಿದ್ದು ಆಲೂರಿನಲ್ಲಿದ್ದ ಅವನ ಅಕ್ಕ, ನಮ್ಮ ದೊಡ್ಡತ್ತೆ. "ಕುಯ್ಲು ಮುಗಿಯೋಗಂಟ ನೋಡಾನ. ಗಂಡ ಮಕ್ಳು ಒಂದು ಹೊತ್ತು ಬಿಸಿ ಊಟ ಇಲ್ದಂಗೆ ಮನಿಕ್ಕಂಡ್ರೆ, ಆವತ್ತಿಗೆ ಕೆಲ್ಸ ಬುಟ್ಬುಡ್ಬೇಕು," ಎಂದು ತೀರ್ಪು ಕೊಟ್ಟು ಹೋಗಿದ್ದಳು. ಅಮ್ಮ ಜಗಳವಾಡಲಿಲ್ಲ. ಪೆಟ್ಟಿಗೆ ತರಿಸಿದಳು.

ಅದರೊಳಗೆ ಐಸ್‌ಕ್ರೀಂ ಒಂದು ದಿನವೂ ಕಾಣಲಿಲ್ಲ. ಊರ ಮಕ್ಕಳೆಲ್ಲ ಬಂದು ಇಣುಕಿ, ಅವರೆಕಾಳು ನೋಡಿ, ನಮ್ಮನ್ನು ಹಂಗಿಸಿ ಹೋದರು.

ಭಾನುವಾರ ಬಂತೆಂದರೆ ನಮ್ಮ ಮನೆ ಮದುವೆಮನೆಯಂತಾಗುತ್ತಿತ್ತು. ಸಂತೆಯಿಂದ ತಂದ ಸೊಗಡವರೆ ರಾಶಿಯನ್ನು ಚಾಪೆಯ ಮೇಲೆ ಸುರಿದರೆ ಆ ಎಣ್ಣೆವಾಸನೆ ಇಡೀ ಮನೆ ತುಂಬುತ್ತಿತ್ತು. ನೆನೆಸಿದ ಕಾಳನ್ನು ಹಿಸುಕಿ ಬೇಳೆ ತೆಗೆಯುವಾಗ ಅದು ಬುಳಕ್ಕನೆ ಹಾರಿ ಎದುರಿನವರ ಕಣ್ಣಿಗೆ ಬೀಳಬೇಕು, ಅದೇ ನನ್ನ ಮತ್ತು ಮಂಜನ ನಡುವಿನ ಪಂದ್ಯ. ಅಪ್ಪ ತುರಿಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದ. ಅಮ್ಮ ಹುರುಳಿ ಮೊಳಕೆಯನ್ನು ಅರೆಬೇಯಿಸಿ, ನುಗ್ಗೆಸೊಪ್ಪನ್ನು ಬಿಸಿನೀರಿಗೆ ಅದ್ದಿ ತೆಗೆದು, ಸಾರಿನ ಖಾರ ರುಬ್ಬಿ, ಎಲ್ಲವನ್ನೂ ಒಂದೊಂದು ಹೊತ್ತಿಗೆ ಆಗುವಷ್ಟು ಕವರಿಗೆ ಹಾಕಿ ಹಪ್ಪಳದಂತೆ ತಟ್ಟುತ್ತಿದ್ದಳು. "ತೆಳ್ಳಗಿದ್ರೆ ಬೇಗ ಕರಗುತ್ತೆ ಕಣೆ," ಎನ್ನುತ್ತಿದ್ದಳು. ವಾರದ ನಾಲ್ಕು ದಿನಕ್ಕಾಗುವಷ್ಟು ಸಾರನ್ನು ಮಾಡಿಯೇ ಡಬ್ಬಿಗಳಲ್ಲಿ ಇಡುತ್ತಿದ್ದಳು. ಹಬೆಯಲ್ಲಿ ಬೇಯಿಸಿದ ಅಕ್ಕಿ ಕಡುಬು ಆರಿದ ಮೇಲೆ ಒಂದು ಮೂಲೆ ಸೇರುತ್ತಿತ್ತು. ಬೆಳಗ್ಗೆ ಮತ್ತೆ ಹಬೆಗಿಟ್ಟರೆ ಆಗ ತಾನೇ ಮಾಡಿದಂತೆ ಉಬ್ಬುತ್ತಿತ್ತು. ಕರೆಂಟು ಹೋದರೆ ಯಾರೂ ಮುಚ್ಚಳ ಎತ್ತಕೂಡದು, ಮೇಲೆ ಕಂಬಳಿ ಹೊದಿಸಬೇಕು. ಒಮ್ಮೆ ಕರಗಿದ್ದನ್ನು ಮತ್ತೆ ಒಳಗಿಡಕೂಡದು. ಇವು ಅಮ್ಮನ ಕಾನೂನು.

ಅಜ್ಜಿ ಪೆಟ್ಟಿಗೆಯ ಹತ್ತಿರ ಸುಳಿಯುತ್ತಿರಲಿಲ್ಲ. "ತಂಗಳು ತಿನ್ನೋ ಗತಿ ನಂಗಿನ್ನೂ ಬಂದಿಲ್ಲ," ಎಂದು ತನಗೊಬ್ಬಳಿಗೇ ಪುಟ್ಟ ಮಡಕೆಯಲ್ಲಿ ಗೊಜ್ಜು ಕಾಸಿಕೊಳ್ಳುತ್ತಿದ್ದಳು. ಆದರೆ ಅವರೆ ಹಿಸುಕುವಾಗ ಮಾತ್ರ ಬಂದು ನಮ್ಮ ನಡುವೆ ಕೂರುತ್ತಿದ್ದಳು. ಬೈಯುತ್ತಲೇ ಬೇಗ ಬೇಗ ಬೇಳೆ ತೆಗೆಯುತ್ತಿದ್ದಳು.

ಮುದ್ದೆಯೊಂದು ಬಿಸಿಯಾಗಿಯೇ ಆಗಬೇಕಲ್ಲ? ಅದನ್ನು ಅಪ್ಪ ಕಲಿತ. ಮೊದಲ ವಾರ ಬರೀ ಗಂಟು. ಆಮೇಲೆ ನುಣ್ಣಗಾಯಿತು. ಸಂಜೆ ನಾನು ಶಾಲೆಯಿಂದ ಬಂದು ಸಾರು ಬಿಸಿಗಿಡುತ್ತಿದ್ದೆ, ಅಪ್ಪ ಕಾಫಿಯ ಕಣದಿಂದ ಬಂದು ಕೈ ತೊಳೆದು ಹಿಟ್ಟಿನ ಕೋಲು ಹಿಡಿಯುತ್ತಿದ್ದ, ಅಮ್ಮ ಬಸ್ಸಿಳಿದು ಬರುವಷ್ಟರಲ್ಲಿ ತಟ್ಟೆಗಳು ಸಿದ್ಧವಾಗಿರುತ್ತಿದ್ದವು. ಆ ಸುಗ್ಗಿಯಲ್ಲಿ ನಾವು ಒಂದು ದಿನವೂ ಹಸಿದು ಮಲಗಲಿಲ್ಲ.

ಸಂಕ್ರಾಂತಿಗೆ ದೊಡ್ಡತ್ತೆ ಬಂದಳು. ತನ್ನ ತಮ್ಮ ಒಲೆಯ ಮುಂದೆ ನಿಂತು ಹಿಟ್ಟು ತೊಳಸುವುದನ್ನು ಕಂಡು ಎದೆ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ನನ್ನಪ್ಪಾ, ನಿನ್ನ ಈ ಗತೀಗ್ ತಂದ್ಬುಟ್ಳಾ!" ಅಪ್ಪ ತಲೆ ತಗ್ಗಿಸಿದ. ಕೋಲನ್ನು ಮಾತ್ರ ಬಿಡಲಿಲ್ಲ, ಬಿಟ್ಟರೆ ಗಂಟಾಗುತ್ತದೆ.

ಹಬ್ಬ ಕಳೆದ ಭಾನುವಾರ ಬೆಳಗ್ಗೆ ಮಂಜ ವಾಂತಿ ಮಾಡಿಕೊಂಡ. ಒಂದಲ್ಲ, ಎರಡಲ್ಲ. ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿಬಿಟ್ಟ. ದೊಡ್ಡತ್ತೆಗೆ ಅಷ್ಟೇ ಸಾಕಾಯಿತು.

"ನಾನು ಹೇಳ್ನಿಲ್ವಾ? ವಾರದ ತಂಗಳು ತಿನ್ಸಿ ಮಗೀನ ಕೊಲ್ತಾವ್ಳೆ! ನಾಳೆ ಹೋಗಿ ಕೆಲ್ಸಕ್ಕೆ ರಾಜೀನಾಮೆ ಬರ್ಕೊಡು ಸರೋಜಾ. ಏನೋ ತಮ್ಮ, ಈಗಾರ ಬಾಯಿ ಬುಡೋ!"

ಅಪ್ಪ ಮಂಜನನ್ನೂ ಆ ಬಿಳಿ ಪೆಟ್ಟಿಗೆಯನ್ನೂ ನೋಡಿದ. ಅವನ ಮುಖದಲ್ಲಿ ಸಂಶಯವಿತ್ತು. ಅಮ್ಮ ಅದನ್ನು ನೋಡಿದ್ದನ್ನು ನಾನು ನೋಡಿದೆ. ಅಪ್ಪ, ಅಮ್ಮ, ನಾನೂ ಅದೇ ಸಾರು ಉಂಡಿದ್ದೆವು, ನಮಗೆ ಏನೂ ಆಗಿರಲಿಲ್ಲ. ಅದನ್ನು ಕೂಗಿ ಹೇಳಬೇಕೆನಿಸಿದರೂ ದೊಡ್ಡತ್ತೆಯ ಎದುರು ಧೈರ್ಯ ಬರಲಿಲ್ಲ.

ಅಮ್ಮ ಮಂಜನ ಹಣೆ ಮುಟ್ಟಿ, ನಾಲಿಗೆ ನೋಡಿ, "ನಿನ್ನೆ ಹೊರಗಡೆ ಏನು ಕುಡಿದ್ಯೋ?" ಎಂದು ಕೇಳಿದಳು. ಅವನು ಗೋಡೆಗೆ ಮುಖ ತಿರುಗಿಸಿದ.

ಅಷ್ಟರಲ್ಲಿ ಪಕ್ಕದ ತೋಟದ ಕೂಲಿಯವರ ಲೈನ್ ಮನೆಗಳಿಂದ ಒಬ್ಬ ಹೆಂಗಸು ಓಡಿಬಂದಳು. "ಸಿಸ್ಟ್ರಮ್ಮಾ, ನನ್ನ ಮಗೀಗೂ ಒಂದೇ ಸಮ ವಾಂತಿ. ಆಚೆ ಮನೆ ಹುಡುಗೀಗೂ ಹಂಗೇ ಐತೆ. ಬನ್ನಿ ಸಿಸ್ಟ್ರಮ್ಮಾ!"

ಅಮ್ಮ ಎದ್ದು ಚೀಲ ತೆಗೆದುಕೊಂಡಳು. ಉಪ್ಪುಸಕ್ಕರೆ ಪುಡಿಯ ಪೊಟ್ಟಣ ನನ್ನ ಕೈಗಿಟ್ಟು, ಕಾಸಿ ಆರಿಸಿದ ನೀರಿಗೆ ಕಲೆಸಿ ಚಮಚ ಚಮಚವಾಗಿ ಕುಡಿಸುತ್ತಿರು, ಗಾಬರಿ ಬೇಡ ಎಂದಳು. ಆಮೇಲೆ ದೊಡ್ಡತ್ತೆಯ ಕಡೆ ತಿರುಗಿದಳು.

"ಅವ್ರ ಮನೇಲಿ ಐಸ್ ಪೆಟ್ಟಿಗೆ ಇಲ್ಲ ಅತ್ತಿಗೆ. ನಾನು ಬರೋದು ತಡ ಆಗುತ್ತೆ. ಊಟ ಪೆಟ್ಟಿಗೇಲೈತೆ. ಬೇಕಾದ್ರೆ ಉಣ್ಣಿ, ಬ್ಯಾಡಾದ್ರೆ ಬುಡಿ. ರಾಜೀನಾಮೆ ಮಾತ್ರ ಬರ್ಕೊಡಲ್ಲ."

ಅಮ್ಮ ದೊಡ್ಡತ್ತೆಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ದನಿ ಏರಿರಲಿಲ್ಲ. ಬಿಸಿಲಿನಲ್ಲಿ ಸರಸರ ನಡೆದುಹೋದಳು.

ಮಧ್ಯಾಹ್ನವಾಯಿತು. ದೊಡ್ಡತ್ತೆ ಮುಖ ಊದಿಸಿಕೊಂಡು ಬಾಳೆಹಣ್ಣು ತಿಂದಳು. ಮಂಜ ನೀರು ಉಳಿಸಿಕೊಂಡು ನಿದ್ದೆ ಹೋಗಿದ್ದ. ಜಗುಲಿಯಿಂದ ಅಜ್ಜಿ ಮಂಡಿ ಹಿಡಿದುಕೊಂಡು ಎದ್ದು ಬಂದಳು. ನೇರ ಪೆಟ್ಟಿಗೆಯ ಹತ್ತಿರ ಹೋಗಿ ಎರಡೂ ಕೈಯಿಂದ ಮುಚ್ಚಳ ಎತ್ತಿದಳು. ತಣ್ಣನೆಯ ಹೊಗೆ ಮುಖಕ್ಕೆ ಹೊಡೆದಾಗ ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಬಗ್ಗಿ, ಹಿಸುಕಿದ ಬೇಳೆ ಸಾರಿನ ಡಬ್ಬಿ ಎತ್ತಿಕೊಂಡಳು.

"ಅಜ್ಜಿ, ನೀನಾ?" ಎಂದೆ.

"ಬಾಯ್ ಮುಚ್ಕೊಂಡು ಒಲೆ ಹಚ್ಚೇ."

ದೊಡ್ಡತ್ತೆ ಎದ್ದು ಬಂದಳು. "ಅವ್ವಾ, ಮಗಿ ಅಲ್ಲಿ ವಾಂತಿ ಮಾಡಿ ಮನಿಕ್ಕಂಡೈತೆ, ನೀನು ಅದನ್ನೇ ತಿಂತೀಯಾ?"

"ತಿಂತೀನಿ ಕಣೆ," ಎಂದಳು ಅಜ್ಜಿ. "ಈ ವಯಸ್ನಲ್ಲಿ ಸತ್ರೆ ಸಾಯ್ತೀನಿ ಬುಡು. ನನ್ನ ಸೊಸೆ ಊರ ಮಕ್ಳ ಜೀವ ಉಳ್ಸೋಕ್ ಹೋಗವ್ಳೆ. ಬಂದಾಗ ಅವಳ ತಟ್ಟೇಲಿ ಬಿಸಿ ಇರ್ಬೇಕು. ಅದ್ನ ತಂಗಳು ಅನ್ನೋಳು ಈ ಮನೇಲಿ ಉಣ್ಣೋದೇ ಬ್ಯಾಡ."

ಕುದಿಯುವ ಸಾರಿನ ಮೇಲೆ ತೆಂಗು, ಕೊತ್ತಂಬರಿ, ಸೊಗಡಿನ ವಾಸನೆ ಎದ್ದಿತು. ಅಪ್ಪ ಕಣದಿಂದ ಬಂದು ಹಿಟ್ಟಿಗೆ ಎಸರಿಟ್ಟ. ಅಜ್ಜಿ ಎಲ್ಲರಿಗಿಂತ ಮೊದಲು, ಮಗಳ ಎದುರಿಗೇ ಕೂತು, ಮುದ್ದೆ ಮುರಿದು ಅದ್ದಿ ನುಂಗಿದಳು.

ಅಮ್ಮ ಮರಳಿದ್ದು ಬಿಸಿಲು ಇಳಿದ ಮೇಲೆ. ಕಾಯಿಲೆ ಬಿದ್ದ ಮಕ್ಕಳೆಲ್ಲ ಹಿಂದಿನ ದಿನ ಹಳ್ಳದಲ್ಲಿ ಆಡಿ ಅಲ್ಲಿಯ ನೀರನ್ನೇ ಕುಡಿದಿದ್ದರು. ಮೇಲಿನ ತೋಟವೊಂದು ಕಾಫಿ ಹಣ್ಣು ತೊಳೆದ ಕೊಳಕು ನೀರನ್ನು ಅದೇ ಹಳ್ಳಕ್ಕೆ ಬಿಟ್ಟಿತ್ತು. ಎದ್ದು ಕೂತಿದ್ದ ಮಂಜ ಅಳುತ್ತಾ ಒಪ್ಪಿಕೊಂಡ, ತಾನೂ ಹೋಗಿದ್ದೆ ಎಂದು. ಹಳ್ಳಕ್ಕೆ ಹೋದರೆ ಹೊಡೆತ ಬೀಳುತ್ತದೆಂದು ಬಾಯಿ ಬಿಟ್ಟಿರಲಿಲ್ಲ.

ಅಮ್ಮ ಗೆದ್ದವಳಂತೆ ಏನೂ ಆಡಲಿಲ್ಲ. ಉಣ್ಣಲು ಕೂತು, "ಉಪ್ಪು ಜಾಸ್ತಿ ಆಗೈತಲ್ಲ ಅತ್ತೆ," ಎಂದಳು.

"ಹಾಕಿದ್ದು ನೀನೇ ಕಣೆ. ನಾನು ಬಿಸಿ ಮಾಡಿದ್ದಷ್ಟೇ."

ಇಬ್ಬರೂ ನಕ್ಕರು. ನಗುತ್ತಲೇ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ದೊಡ್ಡತ್ತೆ ಬದಲಾಗಲಿಲ್ಲ. ಮರುದಿನ ಬೆಳಗ್ಗೆಯೇ ಹೊರಟಳು. ಬಸ್ಸಿಗೆ ಬಿಡಲು ನಾನೂ ಅಪ್ಪನೂ ಹೋಗಿದ್ದೆವು. ಅವಳು ಮೆಟ್ಟಿಲು ಹತ್ತುವಾಗ ಅಪ್ಪ ಹೇಳಿದ, "ಅಕ್ಕ, ಸರೋಜ ಕೆಲ್ಸ ಬುಡಲ್ಲ." ಅಷ್ಟೇ. ಅದನ್ನು ಹೇಳಲು ಅವನಿಗೆ ಇಡೀ ಸುಗ್ಗಿ ಬೇಕಾಗಿತ್ತು.

ಅಮ್ಮ ನಿವೃತ್ತಿಯಾಗುವವರೆಗೂ ಕೆಲಸ ಬಿಡಲಿಲ್ಲ. ಆ ಕಡೆಯ ಎಷ್ಟೋ ಮಕ್ಕಳಿಗೆ ಮೊದಲ ಲಸಿಕೆ ಹಾಕಿದ ಕೈ ಅವಳದು. ಈಗ ಯಾರಾದರೂ ಸೌದೆ ಒಲೆ, ಹೊತ್ತು ಹೊತ್ತಿಗೆ ಬಿಸಿ ಅಡುಗೆ, ಎಂಥ ಕಾಲ ಕಳೆದುಹೋಯಿತು ಎಂದು ನಿಟ್ಟುಸಿರು ಬಿಟ್ಟರೆ ನಾನು ಸುಮ್ಮನಿರುವುದಿಲ್ಲ. ಆ ಬಿಸಿ ಅಡುಗೆಗಾಗಿ ಎಷ್ಟು ಹೆಂಗಸರು ತಮ್ಮ ಓದನ್ನು ಒಲೆಗೆ ಹಾಕಿದರು ಎಂದು ಕೇಳುತ್ತೇನೆ. ಅದು ಹೋಗಿದ್ದೇ ಒಳ್ಳೆಯದಾಯಿತು.

ನಾನು ಕಳೆದುಕೊಂಡದ್ದೇ ಬೇರೆ. ಹಾಸನದಲ್ಲಿರುವ ನನ್ನ ಮನೆಯಲ್ಲೂ ಈಗ ಫ್ರೀಜರ್ ಇದೆ. ಹಿಸುಕಿದ ಬೇಳೆ ಕವರಿನಲ್ಲೇ ಸಿಗುತ್ತದೆ, ತೆಂಗಿನ ತುರಿಯೂ ಸಿಗುತ್ತದೆ. ಕೆಲಸಕ್ಕೆ ಹೋಗಬೇಡ ಎನ್ನುವವರು ಯಾರೂ ಇಲ್ಲ. ನಾನು ಏನು ಮಾಡಿದರೂ ಮನೆಯಲ್ಲಿ ಎಲ್ಲರೂ "ನಿನ್ನಿಷ್ಟ" ಎನ್ನುತ್ತಾರೆ, ಹೇಳಿ ತಮ್ಮ ತಮ್ಮ ಕೋಣೆಗೆ ಹೋಗುತ್ತಾರೆ. ಅಜ್ಜಿಯ ಹಾಗೆ ಬಾಯಿ ತುಂಬ ಬೈದು, ಒಪ್ಪುವುದಿಲ್ಲ ಎಂದು ಹಟ ಹಿಡಿದು, ಆದರೂ ಪಕ್ಕದಲ್ಲಿ ಕೂತು ನನ್ನ ಕೆಲಸದಲ್ಲಿ ಅರ್ಧ ಮುಗಿಸಿಕೊಡುವ ಒಬ್ಬರೂ ಈಗ ಇಲ್ಲ.